ಛೇದ ಹೊರಗಿಟ್ಟರೆ ಲೆಕ್ಕ ಹಗುರ: ಭಿನ್ನರಾಶಿಗಳಿರುವ ಬಹುಪದೋಕ್ತಿಗಳ ಅಪವರ್ತನ

6ಯ² + ಯ − 2 ಎಂಬ ಬಹುಪದೋಕ್ತಿಯನ್ನು ಅಪವರ್ತಿಸಲು ಹತ್ತನೆಯ ತರಗತಿಯ ಮಕ್ಕಳಿಗೆ ಹೇಳಿ ನೋಡಿ. ಮಧ್ಯದ ಪದವನ್ನು ಒಡೆದು, ಜೋಡಿ ಮಾಡಿ, ಸಲೀಸಾಗಿ ಉತ್ತರ ಬರೆಯುತ್ತಾರೆ. ಅದೇ ಮಕ್ಕಳಿಗೆ (1/2)ಯ² + (1/12)ಯ − 1/6 ಕೊಡಿ. ಅರ್ಧ ತರಗತಿ ಪೆನ್ನು ಕೆಳಗಿಡುತ್ತದೆ. ಆದರೆ ಎರಡನೆಯದು ಮೊದಲನೆಯದರ ಹನ್ನೆರಡನೆಯ ಒಂದು ಭಾಗ, ಅಷ್ಟೇ. ಅದರೊಳಗೆ ಹೊಸ ಗಣಿತ ಒಂದಿಷ್ಟೂ ಇಲ್ಲ. ವಿಜಯಪುರದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಕಲಿಸುವ ನನಗೆ ಈ ಹೆದರಿಕೆ ಅನಗತ್ಯ ಎಂದು ಬಲವಾಗಿ ಅನ್ನಿಸುತ್ತದೆ. ಸಹಗುಣಕಗಳು ಭಿನ್ನರಾಶಿಗಳಾಗಿರುವ ಯಾವ ಬಹುಪದೋಕ್ತಿಯನ್ನೂ ಪೂರ್ಣಾಂಕಗಳ ಲೆಕ್ಕವಾಗಿ ಬದಲಿಸಬಹುದು, ಹಾಗೆ ಬದಲಿಸುವುದರಿಂದ ಒಂದು ಅಪವರ್ತನವೂ ತಪ್ಪಿಹೋಗುವುದಿಲ್ಲ. ಮೊದಲ ಮಾತು ಎಲ್ಲರಿಗೂ ಗೊತ್ತು. ಎರಡನೆಯದಕ್ಕೆ ಕಾರಣ ಕೇಳಿದರೆ ಬಹಳ ಜನ ಸುಮ್ಮನಾಗುತ್ತಾರೆ. ಅಲ್ಲಿಯವರೆಗೂ ಹೋಗುವುದು ಈ ಲೇಖನದ ಉದ್ದೇಶ.

ಅವ್ಯಕ್ತ ರಾಶಿಗೆ ಇಲ್ಲಿ ‘ಯ’ ಎಂದು ಬರೆದಿದ್ದೇನೆ. ಎರಡನೆಯ ಭಾಸ್ಕರಾಚಾರ್ಯರು ತಮ್ಮ ‘ಬೀಜಗಣಿತ’ದಲ್ಲಿ ಅವ್ಯಕ್ತವನ್ನು ಯಾವತ್ತಾವತ್ ಎಂದು ಕರೆದು ‘ಯಾ’ ಎಂಬ ಮೊದಲಕ್ಷರದಿಂದ ಸೂಚಿಸಿದರು. ಅವರ ಲೆಕ್ಕವೊಂದು ಮುಂದೆ ಬರುತ್ತದೆ.

ರೇಖಾತ್ಮಕ ಅಪವರ್ತನ ಎಂದರೆ ಯ ಒಂದನೆಯ ಘಾತದಲ್ಲಿ ಮಾತ್ರ ಇರುವ ಅಪವರ್ತನ: 2ಯ − 1, ಯ + 2/3, (1/2)ಯ − 1/4 ಇಂಥವು. ಬಹುಪದೋಕ್ತಿಯನ್ನು ಇಂಥ ತುಂಡುಗಳ ಗುಣಲಬ್ಧವಾಗಿ ಬರೆದರೆ ಅದು ಎಲ್ಲೆಲ್ಲಿ ಸೊನ್ನೆಯಾಗುತ್ತದೆ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ, ಏಕೆಂದರೆ ಗುಣಲಬ್ಧ ಸೊನ್ನೆಯಾಗಬೇಕಾದರೆ ಯಾವುದಾದರೂ ಒಂದು ತುಂಡು ಸೊನ್ನೆಯಾಗಲೇಬೇಕು. 2ಯ − 1 ಇದ್ದರೆ ಶೂನ್ಯತೆ, ಅಂದರೆ ಅದನ್ನು ಸೊನ್ನೆ ಮಾಡುವ ಯ ಬೆಲೆ, 1/2. ತಿರುಗಿಸಿ ಹೇಳಿದರೆ ಅದೇ ಅಪವರ್ತನ ಪ್ರಮೇಯ: 1/2 ಶೂನ್ಯತೆಯಾಗಿದ್ದರೆ ಯ − 1/2 ಒಂದು ಅಪವರ್ತನ.

ಈಗ ನಮ್ಮ ಲೆಕ್ಕ. ಛೇದಗಳು 2, 12, 6. ಅವುಗಳ ಲ.ಸಾ.ಅ. 12. ಹನ್ನೆರಡನೆಯ ಒಂದು ಭಾಗವನ್ನು ಹೊರಗೆ ತೆಗೆಯೋಣ:

(1/2)ಯ² + (1/12)ಯ − 1/6 = (1/12)(6ಯ² + ಯ − 2)

ಆವರಣದೊಳಗೆ 6 × (−2) = −12. ಗುಣಿಸಿದರೆ −12, ಕೂಡಿದರೆ 1 ಆಗುವ ಸಂಖ್ಯೆಗಳು 4 ಮತ್ತು −3.

6ಯ² + 4ಯ − 3ಯ − 2 = 2ಯ(3ಯ + 2) − 1(3ಯ + 2) = (2ಯ − 1)(3ಯ + 2)

ಆದ್ದರಿಂದ ಉತ್ತರ (1/12)(2ಯ − 1)(3ಯ + 2).

ಛೇದ ತೆಗೆಯದೆಯೇ ಮಾಡಲು ಬರುವುದಿಲ್ಲವೇ? ಬರುತ್ತದೆ. (1/2) × (−1/6) = −1/12. ಗುಣಿಸಿದರೆ −1/12, ಕೂಡಿದರೆ 1/12 ಆಗುವ ಎರಡು ಭಿನ್ನರಾಶಿಗಳನ್ನು ಹುಡುಕಬೇಕು. ಅವು 1/3 ಮತ್ತು −1/4. ಇವನ್ನು 12ರಿಂದ ಗುಣಿಸಿದರೆ ಅದೇ 4 ಮತ್ತು −3 ಸಿಗುತ್ತವೆ. ಹುಡುಕಾಟ ಒಂದೇ, ಆದರೆ ಪೂರ್ಣಾಂಕಗಳಲ್ಲಿ ಹುಡುಕುವಾಗ −12ರ ಅಪವರ್ತನಗಳ ಪಟ್ಟಿ ಕಣ್ಣೆದುರಿಗಿರುತ್ತದೆ. ಭಿನ್ನರಾಶಿಗಳಲ್ಲಿ ಅಂಥ ಪಟ್ಟಿಯೇ ಇಲ್ಲ. 1/3 ಹೊಳೆದರೆ ಹೊಳೆಯಿತು, ಇಲ್ಲದಿದ್ದರೆ ಇಲ್ಲ. ಹೊಳೆಯುವುದನ್ನು ನಂಬಿ ಕೂರುವ ವಿಧಾನವನ್ನು ಮಕ್ಕಳಿಗೆ ಕಲಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಇಲ್ಲಿ ಇನ್ನೊಂದು ಗೊಂದಲ ಹುಟ್ಟುತ್ತದೆ. ಒಬ್ಬಳು (1/12)(2ಯ − 1)(3ಯ + 2) ಎಂದು ಬರೆಯುತ್ತಾಳೆ. ಪಕ್ಕದವನ ಉತ್ತರ (1/2)(ಯ − 1/2)(ಯ + 2/3). ಮೂರನೆಯವಳದು ((1/2)ಯ − 1/4)(ಯ + 2/3). ನಾಲ್ಕನೆಯವನದು (ಯ − 1/2)((1/2)ಯ + 1/3). ಯಾರದು ಸರಿ? ನಾಲ್ವರದೂ ಸರಿ. ಗುಣಿಸಿ ನೋಡಿದರೆ ನಾಲ್ಕೂ ಮೂಲ ಬಹುಪದೋಕ್ತಿಯನ್ನೇ ಕೊಡುತ್ತವೆ. ಒಂದು ಅಪವರ್ತನವನ್ನು 2ರಿಂದ ಗುಣಿಸಿ ಇನ್ನೊಂದನ್ನು 2ರಿಂದ ಭಾಗಿಸಿದರೆ ಗುಣಲಬ್ಧ ಬದಲಾಗುವುದಿಲ್ಲ. ಹೀಗೆ ಸ್ಥಿರಾಂಕಗಳನ್ನು ಅತ್ತಿತ್ತ ಸರಿಸಿ ಎಷ್ಟು ರೂಪ ಬೇಕಾದರೂ ಬರೆಯಬಹುದು. ಶೂನ್ಯತೆಗಳು ಮಾತ್ರ ಅವೇ: 1/2 ಮತ್ತು −2/3. ಉತ್ತರಪತ್ರಿಕೆ ತಿದ್ದುವವರು ಕೀ ಉತ್ತರದ ಜೊತೆ ಅಕ್ಷರಶಃ ಹೊಂದಿಸಿ ನೋಡದೆ, ಗುಣಿಸಿ ನೋಡಿ ಅಂಕ ಕೊಡಬೇಕು.

ತಪ್ಪಾಗುವುದು (2ಯ − 1)(3ಯ + 2) ಎಂದಷ್ಟೇ ಬರೆದು ಹೊರಗಿನ 1/12 ಅನ್ನು ಬಿಟ್ಟುಬಿಟ್ಟಾಗ. ಇದು ಮೇಲಿಂದ ಮೇಲೆ ಕಾಣುವ ತಪ್ಪು, ಅದಕ್ಕೆ ಕಾರಣವೂ ಇದೆ. ಸಮೀಕರಣ ಬಿಡಿಸುವಾಗ ಮಕ್ಕಳು (1/2)ಯ² + (1/12)ಯ − 1/6 = 0 ಎಂಬುದರ ಎರಡೂ ಕಡೆ 12ರಿಂದ ಗುಣಿಸಿ 6ಯ² + ಯ − 2 = 0 ಎಂದು ಬರೆಯುತ್ತಾರೆ. ಅದು ನ್ಯಾಯವೇ, ಏಕೆಂದರೆ ಬಲಗಡೆಯ ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಬಹುಪದೋಕ್ತಿಗೆ ಬಲಗಡೆ ಎಂಬುದೇ ಇಲ್ಲ. ಅದನ್ನು 12ರಿಂದ ಗುಣಿಸಿದರೆ ಅದು ಬೇರೆ ಬಹುಪದೋಕ್ತಿಯಾಗುತ್ತದೆ, ಆದ್ದರಿಂದ ಒಳಗೆ 12ರಿಂದ ಗುಣಿಸಿದ್ದಕ್ಕೆ ಹೊರಗೆ 1/12 ನಿಲ್ಲಲೇಬೇಕು. ಪರೀಕ್ಷಿಸಲು ಯ = 0 ಹಾಕಿ ನೋಡುವುದು ಸಾಕು. ಮೂಲದ ಬೆಲೆ −1/6, (2ಯ − 1)(3ಯ + 2) ಕೊಡುವುದು −2. ಹನ್ನೆರಡರಷ್ಟು ವ್ಯತ್ಯಾಸ ತಕ್ಷಣ ಸಿಕ್ಕಿಬೀಳುತ್ತದೆ.

ಭಿನ್ನರಾಶಿ ಎಲ್ಲಿಂದ ಬರುತ್ತದೆ ಎಂಬುದನ್ನು ನೆಲದ ಮೇಲೆ ನಿಂತು ನೋಡಬಹುದು. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರಿಗೆ ಸರಿಯಾಗಿ ಒಂದು ಎಕರೆಯ ಆಯತಾಕಾರದ ತಾಕು ಇದೆ ಎಂದುಕೊಳ್ಳೋಣ. ಉದ್ದವು ಅಗಲಕ್ಕಿಂತ ಒಂದೂವರೆ ಸರಪಳಿ ಹೆಚ್ಚು. ಇಲ್ಲಿ ಸರಪಳಿ ಎಂದರೆ ಭೂಮಾಪನದಲ್ಲಿ ಬಳಸುತ್ತಿದ್ದ 66 ಅಡಿಯ ಗುಂಟರ್ ಸರಪಳಿ. ಹತ್ತು ಚದರ ಸರಪಳಿಗೆ ಒಂದು ಎಕರೆ. ಅಗಲ ಯ ಸರಪಳಿಯಾದರೆ:

ಯ(ಯ + 3/2) = 10, ಅಂದರೆ ಯ² + (3/2)ಯ − 10 = 0

ಎಡಗಡೆಯನ್ನು (1/2)(2ಯ² + 3ಯ − 20) ಎಂದು ಬರೆದು ಅಪವರ್ತಿಸಿದರೆ (1/2)(2ಯ − 5)(ಯ + 4). ಅಗಲ 5/2 ಸರಪಳಿ, ಉದ್ದ 4 ಸರಪಳಿ. ಇನ್ನೊಂದು ಶೂನ್ಯತೆ −4 ಹೊಲದ ಅಳತೆಯಾಗಲಾರದು.

ನಮ್ಮ ಕಡೆ ಯಾರೂ ಹೊಲವನ್ನು ಚದರ ಸರಪಳಿಯಲ್ಲಿ ಹೇಳುವುದಿಲ್ಲ, ಎಕರೆ-ಗುಂಟೆಯಲ್ಲಿ ಹೇಳುತ್ತಾರೆ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿಯ ಚೌಕ, ನಲವತ್ತು ಗುಂಟೆಗೆ ಒಂದು ಎಕರೆ. 33 ಅಡಿ ಎಂದರೆ ಸರಪಳಿಯ ಅರ್ಧ. ಈ ಅರ್ಧ ಸರಪಳಿಯನ್ನೇ ಅಳತೆಗೋಲಾಗಿ ಹಿಡಿದು ಲೆಕ್ಕವನ್ನು ಮತ್ತೆ ಬರೆಯೋಣ. ಅಗಲ ಮ ಅಳತೆಗೋಲುಗಳಾದರೆ ಉದ್ದ ಮ + 3, ವಿಸ್ತೀರ್ಣ 40:

ಮ² + 3ಮ − 40 = (ಮ − 5)(ಮ + 8)

ಐದಕ್ಕೆ ಎಂಟು. ಅಂದರೆ 165 ಅಡಿ ಅಗಲ, 264 ಅಡಿ ಉದ್ದ. ಗುಣಿಸಿದರೆ 43,560 ಚದರ ಅಡಿ, ಸರಿಯಾಗಿ ಒಂದು ಎಕರೆ. ಹೊಲ ಅದೇ, ಬದುಗಳು ಅವೇ. ಭಿನ್ನರಾಶಿ ಮಾತ್ರ ಮಾಯವಾಯಿತು. ಅದು ಹೊಲದ ಗುಣವಾಗಿರಲಿಲ್ಲ, ನಾವು ಹಿಡಿದ ಅಳತೆಗೋಲಿನ ಗುಣವಾಗಿತ್ತು.

ಇದನ್ನೇ ಬೀಜಗಣಿತದ ಭಾಷೆಯಲ್ಲಿ ಹೇಳಬಹುದು. 2ಯ² + 3ಯ − 20 ಅನ್ನು ಯ²ದ ಸಹಗುಣಕವಾದ 2ರಿಂದ ಗುಣಿಸಿದರೆ 4ಯ² + 6ಯ − 40. ಇದು (2ಯ)² + 3(2ಯ) − 40. ಈಗ 2ಯ ಎಂಬುದನ್ನು ಮ ಎಂದು ಕರೆದರೆ ಗುಂಟೆಯ ಲೆಕ್ಕವೇ ಎದುರಿಗೆ ನಿಲ್ಲುತ್ತದೆ. ಯಾವ ವರ್ಗ ಬಹುಪದೋಕ್ತಿಗಾದರೂ ಈ ಉಪಾಯ ನಡೆಯುತ್ತದೆ. ಅಯ² + ಬಯ + ಕ ಅನ್ನು ಅ ಇಂದ ಗುಣಿಸಿದರೆ (ಅಯ)² + ಬ(ಅಯ) + ಅಕ. ಅಯ = ಮ ಎಂದಿಟ್ಟರೆ ಮ² + ಬಮ + ಅಕ. ಇದನ್ನು ಅಪವರ್ತಿಸಲು ಬೇಕಾದದ್ದು ಗುಣಿಸಿದರೆ ಅಕ, ಕೂಡಿದರೆ ಬ ಆಗುವ ಎರಡು ಸಂಖ್ಯೆಗಳು. ಮಧ್ಯದ ಪದವನ್ನು ಒಡೆಯುವಾಗ ಮೊದಲ ಮತ್ತು ಕೊನೆಯ ಸಹಗುಣಕಗಳನ್ನು ಗುಣಿಸಬೇಕು ಎಂದು ನಾವೆಲ್ಲ ಬಾಯಿಪಾಠ ಮಾಡಿದ ನಿಯಮದ ಬೇರು ಇಲ್ಲಿದೆ. ಕಾರಣ ಹೇಳದೆ ಈ ನಿಯಮವನ್ನು ಕಲಿಸುತ್ತ ಹೋಗುವುದು ನನಗೆ ನೋವಿನ ಸಂಗತಿ. ಕಾರಣ ಹೇಳಲು ಕಪ್ಪು ಹಲಗೆಯ ಮೇಲೆ ನಾಲ್ಕು ಸಾಲು ಸಾಕು.

ಛೇದವನ್ನು ದೂರವಿಟ್ಟು ಲೆಕ್ಕ ಮಾಡುವ ಈ ಜಾಣ್ಮೆ ಬಹಳ ಹಳೆಯದು. ಭಾಸ್ಕರಾಚಾರ್ಯರು 1114ರಲ್ಲಿ ಹುಟ್ಟಿದರು. ‘ಸಿದ್ಧಾಂತ ಶಿರೋಮಣಿ’ಯನ್ನು 1150ರಲ್ಲಿ ಮುಗಿಸಿದರು. ತಮ್ಮ ಊರು ಸಹ್ಯಪರ್ವತದ ಬಳಿಯ ವಿಜ್ಜಡವಿಡ ಎಂದು ಅವರೇ ಹೇಳಿಕೊಂಡಿದ್ದಾರೆ. ಅದು ನಮ್ಮ ವಿಜಯಪುರವೇ ಎಂಬುದು ಇಲ್ಲಿಯವರ ಹೆಮ್ಮೆಯ ಮಾತು. ಮಹಾರಾಷ್ಟ್ರದ ಬೇರೆ ಸ್ಥಳಗಳನ್ನು ಸೂಚಿಸುವ ವಿದ್ವಾಂಸರೂ ಇದ್ದಾರೆ, ಭಾಸ್ಕರರ ಮೊಮ್ಮಗ ಚಂಗದೇವನ ಶಾಸನ ಸಿಕ್ಕಿರುವುದು ಜಳಗಾಂವ್ ಜಿಲ್ಲೆಯ ಪಾಟಣದಲ್ಲಿ. ಊರಿನ ಚರ್ಚೆ ಏನೇ ಇರಲಿ, ‘ಲೀಲಾವತಿ’ಯಲ್ಲಿ ಅವರು ಕೊಟ್ಟ ದುಂಬಿಗಳ ಲೆಕ್ಕ ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದಂತಿದೆ. ದುಂಬಿಗಳ ಗುಂಪಿನ ಅರ್ಧದ ವರ್ಗಮೂಲದಷ್ಟು ಮಾಲತಿಯ ಕಡೆಗೆ ಹಾರಿದವು. ಇಡೀ ಗುಂಪಿನ ಒಂಬತ್ತರಲ್ಲಿ ಎಂಟು ಪಾಲೂ ಹೋದವು. ಪರಿಮಳಕ್ಕೆ ಮರುಳಾಗಿ ರಾತ್ರಿ ತಾವರೆಯೊಳಗೆ ಸೆರೆಯಾಗಿ ಮೊರೆಯುತ್ತಿರುವ ಒಂದು ಗಂಡು ದುಂಬಿ, ಹೊರಗಿನಿಂದ ಅದಕ್ಕೆ ಮರುದನಿ ಕೊಡುತ್ತಿರುವ ಒಂದು ಹೆಣ್ಣು ದುಂಬಿ, ಇಷ್ಟೇ ಉಳಿದದ್ದು. ಗುಂಪಿನಲ್ಲಿ ಎಷ್ಟು ದುಂಬಿಗಳಿದ್ದವು?

ವರ್ಗಮೂಲ ಕಾಟ ಕೊಡದಂತೆ ಗುಂಪನ್ನು 2ಯ² ಎಂದಿಡೋಣ. ಅರ್ಧ ಯ², ಅದರ ವರ್ಗಮೂಲ ಯ. ಒಂಬತ್ತರಲ್ಲಿ ಎಂಟು ಪಾಲು (16/9)ಯ². ಉಳಿದದ್ದು 2.

2ಯ² = ಯ + (16/9)ಯ² + 2, ಅಂದರೆ (2/9)ಯ² − ಯ − 2 = 0

ಛೇದ 9 ಹೊರಗೆ ಬಂದರೆ ಎಡಗಡೆ (1/9)(2ಯ² − 9ಯ − 18). ಗುಣಿಸಿದರೆ −36, ಕೂಡಿದರೆ −9 ಆಗುವ ಸಂಖ್ಯೆಗಳು −12 ಮತ್ತು 3. ಆದ್ದರಿಂದ (1/9)(2ಯ + 3)(ಯ − 6). ಯ = 6, ದುಂಬಿಗಳು 72. ತಾಳೆ ನೋಡಿ: 72ರ ಅರ್ಧ 36, ಅದರ ಮೂಲ 6. ಒಂಬತ್ತರಲ್ಲಿ ಎಂಟು ಪಾಲು 64. ಉಳಿದದ್ದು 2. ಇನ್ನೊಂದು ಶೂನ್ಯತೆ −3/2 ಋಣಸಂಖ್ಯೆಯಾದ್ದರಿಂದ ದುಂಬಿಗಳಿಗೆ ಹೊಂದುವುದಿಲ್ಲ, ಆದರೆ ಬಹುಪದೋಕ್ತಿಗೆ ಅದೂ ಅಷ್ಟೇ ಸೇರಿದ್ದು.

ಇಂಥ ಸಮೀಕರಣಗಳಿಗೆ ಭಾಸ್ಕರಾಚಾರ್ಯರು ತಮಗಿಂತ ಹಿಂದಿನ ಶ್ರೀಧರಾಚಾರ್ಯರ ಸೂತ್ರವೊಂದನ್ನು ‘ಬೀಜಗಣಿತ’ದಲ್ಲಿ ಉದ್ಧರಿಸುತ್ತಾರೆ. ಶ್ರೀಧರರ ಬೀಜಗಣಿತ ಗ್ರಂಥ ಈಗ ಉಳಿದಿಲ್ಲ, ಸೂತ್ರ ಉಳಿದದ್ದು ಭಾಸ್ಕರರಿಂದ. ಅದರ ತಾತ್ಪರ್ಯ ಇಷ್ಟು: ವರ್ಗದ ಸಹಗುಣಕದ ನಾಲ್ಕರಷ್ಟರಿಂದ ಎರಡೂ ಪಕ್ಷಗಳನ್ನು ಗುಣಿಸು, ಅವ್ಯಕ್ತದ ಮೊದಲಿನ ಸಹಗುಣಕದ ವರ್ಗವನ್ನು ಎರಡೂ ಕಡೆ ಕೂಡಿಸು, ಆಮೇಲೆ ಮೂಲ ತೆಗೆ. 2ಯ² − 9ಯ = 18 ಎಂಬುದನ್ನು 8ರಿಂದ ಗುಣಿಸಿದರೆ 16ಯ² − 72ಯ = 144. ಎರಡೂ ಕಡೆ 81 ಕೂಡಿಸಿದರೆ (4ಯ − 9)² = 225. ಮೂಲ ತೆಗೆದರೆ 4ಯ − 9 = ±15. ಯ = 6 ಅಥವಾ −3/2. ನಾವು ಶಾಲೆಯಲ್ಲಿ ವರ್ಗ ಪೂರ್ಣಗೊಳಿಸುವಾಗ ಮೊದಲ ಹೆಜ್ಜೆಯಲ್ಲೇ 2ರಿಂದ ಭಾಗಿಸಿ 9/2, 9/4, 81/16, 225/16 ಎಂದು ಭಿನ್ನರಾಶಿಗಳ ನಡುವೆ ನಡೆಯುತ್ತೇವೆ. ಶ್ರೀಧರರ ದಾರಿಯಲ್ಲಿ ಕೊನೆಯ ಸಾಲಿನವರೆಗೂ ಒಂದು ಭಿನ್ನರಾಶಿಯೂ ಇಲ್ಲ. 2ರಿಂದ ಗುಣಿಸಿದ್ದರೆ ಸಾಲದಿತ್ತೇ, ಇನ್ನೂ 4 ಏಕೆ? ಮಧ್ಯದ ಸಹಗುಣಕ 9 ಬೆಸ ಸಂಖ್ಯೆ. ವರ್ಗ ಪೂರ್ಣಗೊಳಿಸಲು ಅದರ ಅರ್ಧ ಬೇಕು, ಅರ್ಧ ಮಾಡಿದರೆ ಭಿನ್ನರಾಶಿ ಮತ್ತೆ ಬರುತ್ತದೆ. ಆ ಅರ್ಧವನ್ನೂ ಮೊದಲೇ ತಡೆಯುವುದು ಈ ನಾಲ್ಕರ ಕೆಲಸ. ಇಷ್ಟು ಮುಂದಾಲೋಚನೆ ಒಂದು ಸಣ್ಣ ಸೂತ್ರದಲ್ಲಿ ಅಡಗಿರುವುದನ್ನು ಕಂಡಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ.

ವರ್ಗ ಬಹುಪದೋಕ್ತಿಗೆ ಸೂತ್ರವಿದೆ. ಘನ ಬಹುಪದೋಕ್ತಿ ಬಂದರೆ ಶಾಲೆಯ ಮಟ್ಟದಲ್ಲಿ ಮೊದಲ ಶೂನ್ಯತೆಯನ್ನು ಹುಡುಕಿಯೇ ತೆಗೆಯಬೇಕು. ಛೇದಗಳ ಲೆಕ್ಕಾಚಾರದ ನಿಜವಾದ ಉಪಯೋಗ ಅಲ್ಲಿದೆ. ಈ ಲೆಕ್ಕ ನೋಡಿ:

ಯ³ + (7/6)ಯ² − (3/2)ಯ + 1/3 = (1/6)(6ಯ³ + 7ಯ² − 9ಯ + 2)

ಆವರಣದೊಳಗಿನದಕ್ಕೆ ಒಂದು ಭಾಗಲಬ್ಧ ಶೂನ್ಯತೆ (ಪೂರ್ಣಾಂಕ ಅಥವಾ ಭಿನ್ನರಾಶಿಯಾಗಿರುವ ಶೂನ್ಯತೆ) ಇದ್ದರೆ ಅದನ್ನು ಸಂಕ್ಷಿಪ್ತ ರೂಪದಲ್ಲಿ ಮ/ನ ಎಂದು ಬರೆಯೋಣ, ಅಂದರೆ ಮ ಮತ್ತು ನ ಎರಡಕ್ಕೂ 1ರ ಹೊರತು ಸಾಮಾನ್ಯ ಅಪವರ್ತನ ಇಲ್ಲ. ಇದನ್ನು ಯ ಇರುವಲ್ಲಿ ಹಾಕಿ, ನ³ದಿಂದ ಗುಣಿಸಿದರೆ:

6ಮ³ + 7ಮ²ನ − 9ಮನ² + 2ನ³ = 0

ಮೊದಲ ಮೂರು ಪದಗಳಲ್ಲಿ ಮ ಇದೆ. ಮೊತ್ತ ಸೊನ್ನೆಯಾಗಬೇಕಾದರೆ ನಾಲ್ಕನೆಯ ಪದ 2ನ³ ಕೂಡ ಮ ಇಂದ ಭಾಗವಾಗಲೇಬೇಕು. ನ ಜೊತೆ ಮ ಗೆ ಸಾಮಾನ್ಯವಾದದ್ದು ಏನೂ ಇಲ್ಲ, ಹಾಗಾದರೆ ಮ ಎಂಬುದು 2ನ್ನು ಭಾಗಿಸಬೇಕು. ಇದೇ ರೀತಿ ಕೊನೆಯ ಮೂರು ಪದಗಳಲ್ಲಿ ನ ಇದೆ, ಆದ್ದರಿಂದ ನ ಎಂಬುದು 6ನ್ನು ಭಾಗಿಸಬೇಕು. ಶೂನ್ಯತೆಯ ಅಂಶ ಸ್ಥಿರ ಪದದೊಳಗಿನಿಂದ ಬರಬೇಕು, ಛೇದ ಅತ್ಯುನ್ನತ ಘಾತದ ಸಹಗುಣಕದೊಳಗಿನಿಂದ ಬರಬೇಕು. ಬೇರೆ ಎಲ್ಲಿಂದಲೂ ಬರಲು ಸಾಧ್ಯವಿಲ್ಲ.

ಅಂಶ 1 ಅಥವಾ 2. ಛೇದ 1, 2, 3 ಅಥವಾ 6. ಪುನರಾವರ್ತನೆ ಬಿಟ್ಟರೆ ಉಳಿಯುವುದು 1, 2, 1/2, 1/3, 2/3, 1/6 ಮತ್ತು ಇವುಗಳ ಋಣರೂಪಗಳು, ಒಟ್ಟು ಹನ್ನೆರಡು. ಅನಂತ ಭಿನ್ನರಾಶಿಗಳ ಕಾಡಿನಲ್ಲಿ ಅಲೆಯಬೇಕಿದ್ದ ಹುಡುಕಾಟ ಹನ್ನೆರಡು ಹೆಸರುಗಳ ಹಾಜರಿ ಪಟ್ಟಿಗೆ ಇಳಿಯಿತು. 1 ಹಾಕಿದರೆ 6 ಬರುತ್ತದೆ, ಅದು ಅಲ್ಲ. 1/2 ಹಾಕಿದರೆ 3/4 + 7/4 − 9/2 + 2 = 0. ಸಿಕ್ಕಿತು.

ಸಂಶ್ಲೇಷಿತ ಭಾಗಾಕಾರದಿಂದ 6, 7, −9, 2 ಎಂಬ ಸಹಗುಣಕಗಳನ್ನು 1/2 ಇಟ್ಟುಕೊಂಡು ಭಾಗಿಸೋಣ. 6 ಕೆಳಗಿಳಿಯುತ್ತದೆ. ಅದರ ಅರ್ಧ 3ನ್ನು 7ಕ್ಕೆ ಕೂಡಿದರೆ 10. ಅದರ ಅರ್ಧ 5ನ್ನು −9ಕ್ಕೆ ಕೂಡಿದರೆ −4. ಅದರ ಅರ್ಧ −2ನ್ನು 2ಕ್ಕೆ ಕೂಡಿದರೆ ಶೇಷ 0. ಆದ್ದರಿಂದ:

6ಯ³ + 7ಯ² − 9ಯ + 2 = (ಯ − 1/2)(6ಯ² + 10ಯ − 4)

ಎರಡನೆಯ ಆವರಣದ ಮೂರೂ ಸಹಗುಣಕಗಳು ಸಮಸಂಖ್ಯೆಗಳು. ಅಲ್ಲಿಂದ 2 ತೆಗೆದು ಮೊದಲ ಆವರಣಕ್ಕೆ ಕೊಟ್ಟರೆ (2ಯ − 1)(3ಯ² + 5ಯ − 2). ಉಳಿದದ್ದನ್ನು ಒಡೆದರೆ (2ಯ − 1)(3ಯ − 1)(ಯ + 2). ಮೂಲ ಬಹುಪದೋಕ್ತಿ (1/6)(2ಯ − 1)(3ಯ − 1)(ಯ + 2), ಅಥವಾ ಆ 1/6 ಅನ್ನು ಒಳಗೆ ಹಂಚಿದರೆ (ಯ − 1/2)(ಯ − 1/3)(ಯ + 2).

ಇಲ್ಲಿ ಒಂದು ಎಚ್ಚರಿಕೆ. ಮೊಬೈಲಿನ ಕ್ಯಾಲ್ಕ್ಯುಲೇಟರ್ ಕೈಯಲ್ಲಿರುವ ಮಕ್ಕಳು 1/3 ಎಂಬುದನ್ನು 0.33 ಮಾಡಿ ಹಾಕಿ ನೋಡುತ್ತಾರೆ. 6ಯ³ + 7ಯ² − 9ಯ + 2ರಲ್ಲಿ 0.33 ಹಾಕಿದರೆ 0.007922 ಬರುತ್ತದೆ, ಸೊನ್ನೆ ಬರುವುದಿಲ್ಲ. ನಿಜವಾದ ಶೂನ್ಯತೆ ಕೈಗೆ ಬಂದು ಜಾರಿಹೋಗುತ್ತದೆ. ಅಪವರ್ತನದ ಲೆಕ್ಕದಲ್ಲಿ ಭಿನ್ನರಾಶಿ ಭಿನ್ನರಾಶಿಯಾಗಿಯೇ ಇರಬೇಕು.

ಮೇಲಿನ ಲೆಕ್ಕದಲ್ಲಿ ಭಾಗಾಕಾರದಿಂದ ಬಂದ ಸಹಗುಣಕಗಳು 6, 10, −4 ಎಲ್ಲವೂ ಸಮಸಂಖ್ಯೆಗಳಾದದ್ದು ಅದೃಷ್ಟವೇ? ಅಲ್ಲ. ಹಾಗೆ ಆಗಲೇಬೇಕಿತ್ತು. ಆರಂಭದಲ್ಲಿ ಹೇಳಿದ ಎರಡನೆಯ ಮಾತಿಗೆ ಕಾರಣವೂ ಇದೇ. ಜರ್ಮನಿಯ ಕಾರ್ಲ್ ಫ್ರೆಡ್ರಿಕ್ ಗೌಸ್ 1801ರಲ್ಲಿ ಪ್ರಕಟಿಸಿದ ಸಂಖ್ಯಾ ಸಿದ್ಧಾಂತದ ಮಹಾಗ್ರಂಥದಲ್ಲಿ ಇದರ ಮೂಲರೂಪವಿದೆ, ಇಂದಿಗೂ ಇದು ಗೌಸ್‌ನ ಹೆಸರಿನಲ್ಲೇ ನಡೆಯುತ್ತದೆ. ಸಹಗುಣಕಗಳೆಲ್ಲ ಪೂರ್ಣಾಂಕಗಳಾಗಿದ್ದು, ಅವುಗಳ ಮ.ಸಾ.ಅ. 1 ಆಗಿರುವ ಬಹುಪದೋಕ್ತಿಯನ್ನು ಸದ್ಯಕ್ಕೆ ‘ಶುದ್ಧ’ ಎನ್ನೋಣ. 2ಯ − 1 ಶುದ್ಧ. 6ಯ² + 10ಯ − 4 ಶುದ್ಧವಲ್ಲ. ಗೌಸ್ ಹೇಳುವುದು ಇಷ್ಟೇ: ಎರಡು ಶುದ್ಧ ಬಹುಪದೋಕ್ತಿಗಳನ್ನು ಗುಣಿಸಿದರೆ ಬರುವುದೂ ಶುದ್ಧ.

ಸಾಧನೆ ಕಷ್ಟದ್ದಲ್ಲ. ಗುಣಲಬ್ಧದ ಸಹಗುಣಕಗಳೆಲ್ಲ ಸಮಸಂಖ್ಯೆಗಳಾಗಿಬಿಟ್ಟವು ಎಂದುಕೊಳ್ಳಿ. ಎರಡೂ ಬಹುಪದೋಕ್ತಿಗಳು ಶುದ್ಧವಾದ್ದರಿಂದ ಪ್ರತಿಯೊಂದರಲ್ಲೂ ಬೆಸ ಸಹಗುಣಕ ಒಂದಾದರೂ ಇರಲೇಬೇಕು. ಎರಡರಲ್ಲೂ, ಬೆಸ ಸಹಗುಣಕವಿರುವ ಪದಗಳ ಪೈಕಿ ಅತ್ಯಂತ ಹೆಚ್ಚಿನ ಘಾತದ್ದನ್ನು ಆರಿಸಿಕೊಳ್ಳಿ. ಗುಣಲಬ್ಧದಲ್ಲಿ ಈ ಎರಡು ಘಾತಗಳ ಮೊತ್ತದ ಘಾತವಿರುವ ಪದಕ್ಕೆ ಏನೇನು ಬಂದು ಸೇರುತ್ತದೆ? ನಾವು ಆರಿಸಿದ ಜೋಡಿಯಿಂದ ಬೆಸ ಗುಣಿಸು ಬೆಸ, ಅಂದರೆ ಬೆಸ. ಬೇರೆ ಯಾವ ಜೋಡಿಯನ್ನು ತೆಗೆದುಕೊಂಡರೂ, ಮೊತ್ತ ಅಷ್ಟೇ ಆಗಬೇಕಾದ್ದರಿಂದ, ಒಂದು ಕಡೆಯ ಪದ ನಾವು ಆರಿಸಿದ್ದಕ್ಕಿಂತ ಹೆಚ್ಚಿನ ಘಾತದ್ದಾಗಿರುತ್ತದೆ. ಅದರ ಸಹಗುಣಕ ಸಮ, ಆದ್ದರಿಂದ ಆ ಜೋಡಿಯ ಗುಣಲಬ್ಧವೂ ಸಮ. ಒಂದು ಬೆಸ, ಉಳಿದವೆಲ್ಲ ಸಮ: ಒಟ್ಟು ಮೊತ್ತ ಬೆಸ. ಎಲ್ಲವೂ ಸಮ ಎಂದುಕೊಂಡದ್ದು ಮುರಿದುಬಿತ್ತು. 2ರ ಜಾಗದಲ್ಲಿ 3, 5, 7 ಹೀಗೆ ಯಾವ ಅವಿಭಾಜ್ಯ ಸಂಖ್ಯೆಯನ್ನಿಟ್ಟರೂ ಇದೇ ವಾದ ನಡೆಯುತ್ತದೆ.

ಇದರ ಫಲ ದೊಡ್ಡದು. ಪೂರ್ಣಾಂಕ ಸಹಗುಣಕಗಳಿರುವ ಬಹುಪದೋಕ್ತಿ ಭಿನ್ನರಾಶಿಗಳ ಸಹಾಯದಿಂದ ಎರಡು ಅಪವರ್ತನಗಳಾಗಿ ಒಡೆದರೆ, ಅದೇ ಘಾತಗಳ ಎರಡು ಅಪವರ್ತನಗಳಾಗಿ ಬರಿಯ ಪೂರ್ಣಾಂಕಗಳಲ್ಲೂ ಒಡೆಯುತ್ತದೆ. ಭಿನ್ನರಾಶಿಗಳನ್ನು ಒಳಗೆ ಬಿಟ್ಟುಕೊಂಡ ಮಾತ್ರಕ್ಕೆ ಹೊಸ ಒಡೆತ ಯಾವುದೂ ಹುಟ್ಟುವುದಿಲ್ಲ. ಹಾಗಾಗಿ ಲ.ಸಾ.ಅ. ಹೊರಗಿಟ್ಟು ಪೂರ್ಣಾಂಕಗಳಲ್ಲಿ ಹುಡುಕುವವರು ಏನನ್ನೂ ಕಳೆದುಕೊಳ್ಳುವುದಿಲ್ಲ. ಅತ್ಯುನ್ನತ ಘಾತದ ಸಹಗುಣಕ 1 ಆಗಿದ್ದು ಉಳಿದವು ಪೂರ್ಣಾಂಕಗಳಾಗಿದ್ದರಂತೂ, ಛೇದ 1ನ್ನೇ ಭಾಗಿಸಬೇಕಾದ್ದರಿಂದ, ಭಿನ್ನರಾಶಿಯ ಶೂನ್ಯತೆಗೆ ಜಾಗವೇ ಇಲ್ಲ. ಯ² − 2 ತೆಗೆದುಕೊಳ್ಳಿ. ಪರೀಕ್ಷಿಸಬೇಕಾದವು ±1 ಮತ್ತು ±2 ಮಾತ್ರ, ನಾಲ್ಕೂ ಸೊನ್ನೆ ಕೊಡುವುದಿಲ್ಲ. √2 ಅಭಾಗಲಬ್ಧ ಎಂಬುದಕ್ಕೆ ಇದೊಂದು ಪೂರ್ಣ ಸಾಧನೆ.

ಯ² − 2 ಅಪವರ್ತಿಸಲು ಬರುವುದಿಲ್ಲ ಎಂದು ಬರೆದವರಿಗೂ, (ಯ − √2)(ಯ + √2) ಎಂದು ಬರೆದವರಿಗೂ ಜಗಳ ಬೇಡ. ಯಾವ ಸಂಖ್ಯೆಗಳನ್ನು ಬಳಸಲು ಒಪ್ಪಿದ್ದೇವೆ ಎಂಬುದರ ಮೇಲೆ ಉತ್ತರ ನಿಂತಿದೆ. ಭಾಗಲಬ್ಧ ಸಂಖ್ಯೆಗಳು ಮಾತ್ರ ಎಂದರೆ ಮೊದಲಿನವರು ಸರಿ, ವಾಸ್ತವ ಸಂಖ್ಯೆಗಳೆಲ್ಲ ಆಗಬಹುದು ಎಂದರೆ ಎರಡನೆಯವರು ಸರಿ. ಯ² + 1 ಒಡೆಯಬೇಕಾದರೆ ಸಂಕೀರ್ಣ ಸಂಖ್ಯೆಗಳವರೆಗೂ ಹೋಗಬೇಕು. ಸಹಗುಣಕಗಳು ಭಾಗಲಬ್ಧವಾಗಿರುವ ವರ್ಗ ಬಹುಪದೋಕ್ತಿಗೆ ನಿಯಮ ಸರಳ: ಛೇದ ತೆಗೆದ ಮೇಲೆ ಶೋಧಕವಾದ ಬ² − 4ಅಕ ಪೂರ್ಣವರ್ಗವಾಗಿದ್ದರೆ ಭಾಗಲಬ್ಧ ರೇಖಾತ್ಮಕ ಅಪವರ್ತನಗಳು ಇವೆ, ಇಲ್ಲದಿದ್ದರೆ ಇಲ್ಲ. 6ಯ² + ಯ − 2ರ ಶೋಧಕ 49. ದುಂಬಿಗಳದ್ದು 225.

ವರ್ಗ ಮತ್ತು ಘನ ಬಹುಪದೋಕ್ತಿಗಳಲ್ಲಿ ಭಾಗಲಬ್ಧ ಶೂನ್ಯತೆ ಒಂದೂ ಸಿಗದಿದ್ದರೆ ಅಲ್ಲಿಗೆ ಕೆಲಸ ಮುಗಿಯಿತು, ಅವು ಭಾಗಲಬ್ಧ ಸಂಖ್ಯೆಗಳಲ್ಲಿ ಒಡೆಯುವುದೇ ಇಲ್ಲ. ಎರಡು ಅಥವಾ ಮೂರು ಘಾತವನ್ನು ಎರಡು ತುಂಡು ಮಾಡಿದರೆ ಒಂದು ತುಂಡು ರೇಖಾತ್ಮಕವಾಗಲೇಬೇಕಲ್ಲವೇ? ನಾಲ್ಕನೆಯ ಘಾತದಿಂದ ಮುಂದಕ್ಕೆ ಈ ತೀರ್ಮಾನ ನಿಲ್ಲುವುದಿಲ್ಲ, ಬಹಳ ಜನ ಎಡವುವುದು ಇಲ್ಲೇ. ಯ⁴ + 1/4 ಎಂಬುದಕ್ಕೆ ಶೂನ್ಯತೆ ವಾಸ್ತವ ಸಂಖ್ಯೆಗಳಲ್ಲೇ ಇಲ್ಲ, ಏಕೆಂದರೆ ಯ⁴ ಎಂದೂ ಋಣವಾಗುವುದಿಲ್ಲ. ಆದರೂ ಒಂದು ಯ² ಕೂಡಿಸಿ ಒಂದು ಯ² ಕಳೆದರೆ:

ಯ⁴ + ಯ² + 1/4 − ಯ² = (ಯ² + 1/2)² − ಯ² = (ಯ² + ಯ + 1/2)(ಯ² − ಯ + 1/2)

ರೇಖಾತ್ಮಕ ಅಪವರ್ತನ ಒಂದೂ ಇಲ್ಲದೆ ಅದು ಎರಡು ತುಂಡಾಯಿತು. ಗೌಸ್‌ನ ಮಾತು ಇಲ್ಲೂ ತಪ್ಪುವುದಿಲ್ಲ. ನಾಲ್ಕನೆಯ ಒಂದು ಭಾಗವನ್ನು ಹೊರಗಿಟ್ಟರೆ ಒಳಗೆ 4ಯ⁴ + 1, ಅದು (2ಯ² + 2ಯ + 1)(2ಯ² − 2ಯ + 1) ಎಂದು ಪೂರ್ಣಾಂಕಗಳಲ್ಲೇ ಒಡೆಯುತ್ತದೆ. ಎರಡೂ ತುಂಡುಗಳ ಶೋಧಕ 4 − 8 = −4. ಆದ್ದರಿಂದ ವಾಸ್ತವ ಸಂಖ್ಯೆಗಳಲ್ಲಿ ಅವು ಇನ್ನು ಮುಂದೆ ಒಡೆಯುವುದಿಲ್ಲ.